ಅಂಗಾಲು ತಿರುಗಿಸಿ ನೋಡಿ

ಹಳಿಯಾಳ, ಮುಂಡಗೋಡದ ಗದ್ದೆ. ಜೋಯಿಡಾ, ದಾಂಡೇಲಿಯ ಕಾಡು. ಬರಿಗಾಲಲ್ಲಿ ಓಡಾಡೋರ ಅಂಗಾಲಿನ ಕಪ್ಪು ಕಲೆ ಯಾರು ನೋಡ್ತಾರೆ? "ಮುಳ್ಳು ಚುಚ್ಚಿರಬೇಕು ಬಿಡು!" ಕಪ್ಪು ಮೈಬಣ್ಣದವರಿಗೆ ಚರ್ಮದ ಕ್ಯಾನ್ಸರ್ ಕಡಿಮೆ, ನಿಜ. ಆದರೆ ಮೆಲನೋಮಾ ಅನ್ನೋ ಚರ್ಮದ ಕ್ಯಾನ್ಸರ್ ಬಂದರೆ ಹೆಚ್ಚಾಗಿ ಬಿಸಿಲೇ ಬೀಳದ ಅಂಗಾಲು, ಅಂಗೈ, ಉಗುರಿನಡಿ. ಗಾಯಕ ಬಾಬ್ ಮಾರ್ಲಿಗೆ ಕಾಲ್ಬೆರಳ ಉಗುರಿನಡಿ ಅದು ಪತ್ತೆಯಾದದ್ದು 1977ರಲ್ಲಿ. 1981ರಲ್ಲಿ ತೀರಿಕೊಂಡಾಗ ವಯಸ್ಸು ಬರೀ 36.

ಅಮೆರಿಕದ ಲೆಕ್ಕ ಕೇಳಿ: ಮೆಲನೋಮಾ ಚರ್ಮದಲ್ಲಿದ್ದಾಗಲೇ ಸಿಕ್ಕರೆ ನೂರಕ್ಕೆ 95ಕ್ಕೂ ಹೆಚ್ಚು ಮಂದಿ ಐದು ವರ್ಷ ದಾಟ್ತಾರೆ. ದೂರದ ಅಂಗಗಳಿಗೆ ಹಬ್ಬಿದ ಮೇಲೆ? ಸುಮಾರು ಮೂರರಲ್ಲಿ ಒಬ್ಬರು.

ಉಗುರಿನ ಕಪ್ಪು ಗೆರೆ ಅಗಲವಾಗ್ತಿದೆಯಾ? ಹುಣ್ಣು ತಿಂಗಳಾದರೂ ಮಾಯ್ತಿಲ್ವಾ? ಮುಲಾಮು ಹಚ್ಚಿದ್ದು ಸಾಕು, ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ. ಅನುಮಾನ ಬಂದರೆ ಚೂರು ಚರ್ಮ ತೆಗೆದು ಪರೀಕ್ಷೆ ಮಾಡಿಸ್ತಾರೆ. ಮುಂದಿನದಕ್ಕೆ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ ಇದೆ.