ತೊರಕೆ ಹಲ್ಲಿನ ಗುರುತು

ರಾಣೆಬೆನ್ನೂರಿನ ಹೆಸರು ಭೂವಿಜ್ಞಾನದ ಪುಸ್ತಕಗಳಲ್ಲೂ ಇದೆ. ಧಾರವಾಡ ಶಿಲಾಸಮೂಹದ ಒಂದು ಸ್ತರಕ್ಕೆ ಈ ಊರಿನದೇ ಹೆಸರು. ಗ್ರೇವ್ಯಾಕ್ ಎಂಬ ಬೂದುಬಣ್ಣದ ಕಲ್ಲು ಅದು. 250 ಕೋಟಿ ವರ್ಷಗಳಿಗೂ ಹಿಂದೆ ಸಮುದ್ರದ ಆಳಕ್ಕೆ ಜಾರಿ ನಿಂತ ಮರಳು, ರಾಡಿ ಗಟ್ಟಿಯಾಗಿ ಹುಟ್ಟಿದ್ದು. ಹಾವೇರಿ, ಬ್ಯಾಡಗಿಯ ಮಕ್ಕಳಿಗೆ ಮೊದಲು ಹೇಳಬೇಕಾದದ್ದು ಇದನ್ನೇ: ಇಲ್ಲಿ ಸಮುದ್ರವಿತ್ತು, ಆದರೆ ಅದರಲ್ಲಿ ಮೀನು ಇರಲಿಲ್ಲ. ಇದುವರೆಗೆ ಸಿಕ್ಕ ಅತಿ ಹಳೆಯ ತೊರಕೆ (ರೇ) ಮೀನಿನ ಪಳೆಯುಳಿಕೆಗೂ 20 ಕೋಟಿ ವರ್ಷ ತುಂಬಿಲ್ಲ. ಹಾಗಾಗಿ ಇಲ್ಲಿನ ಶಾಲೆಯೋ ಕಾಲೇಜೋ ಪ್ರದರ್ಶನಕ್ಕೆ ತೊರಕೆ ಹಲ್ಲು ಇಡಬೇಕೆಂದರೆ ಹೊರಗಿನಿಂದಲೇ ಬರಬೇಕು. ಒಡಿಶಾದ ಬಾರಿಪದ, ಗುಜರಾತಿನ ಕಛ್ ಇಂಥ ಹಲ್ಲುಗಳಿಗೆ ಹೆಸರಾದ ನೆಲೆಗಳು.

ತೊರಕೆಯ ಮೈಯಲ್ಲಿ ಮೂಳೆಯಿಲ್ಲ, ಎಲ್ಲವೂ ಮೃದ್ವಸ್ಥಿ. ಸತ್ತ ಮೇಲೆ ಅದು ಕರಗಿ ಹೋಗುತ್ತದೆ. ಉಳಿಯುವುದು ಹೆಚ್ಚಾಗಿ ಹಲ್ಲು, ಬಾಲದ ಮುಳ್ಳು. ಆ ಹಲ್ಲು ಎಷ್ಟು ದೊಡ್ಡ ಸಾಕ್ಷಿಯಾಗಬಲ್ಲದು ಎಂಬುದಕ್ಕೆ ತೆಲಂಗಾಣದ ಆಸಿಫಾಬಾದ್ ಉದಾಹರಣೆ. ದಖ್ಖನ್ ಲಾವಾ ಪದರಗಳ ನಡುವಿನ ಕೆಸರುಗಲ್ಲಿನಲ್ಲಿ ಸಿಕ್ಕ ಹಲ್ಲುಗಳಿಗೆ ಜಿ.ವಿ.ಆರ್. ಪ್ರಸಾದ್ ಮತ್ತು ಫ್ರಾನ್ಸಿನ ಹೆನ್ರಿ ಕಾಪೆಟಾ 1993ರಲ್ಲಿ ‘ಇಗ್ಡಾಬಾಟಿಸ್ ಇಂಡಿಕಸ್’ ಎಂದು ಹೆಸರಿಟ್ಟರು. ಇದರ ಬಳಗ ಅದಕ್ಕೆ ಮೊದಲೇ ಆಫ್ರಿಕದ ನೈಜರ್‌ನಿಂದ ತಿಳಿದಿತ್ತು. ಡೈನೋಸಾರ್‌ಗಳ ಕೊನೆಗಾಲದ ಮೀನು ಅದು. ದಖ್ಖನ್ ಲಾವಾ ಹರಿದ ಕಾಲವನ್ನು ಗೊತ್ತುಮಾಡುವ ವಾದದಲ್ಲಿ ಈ ಪುಟ್ಟ ಹಲ್ಲಿಗೂ ಪಾಲು ಸಿಕ್ಕಿತು.

ಇನ್ನು ಗುರುತು ಹಿಡಿಯುವ ಬಗೆ. ಚಿಪ್ಪುಜೀವಿಗಳನ್ನು ಅರೆದು ತಿನ್ನುವ ತೊರಕೆಗಳ ಬಾಯಲ್ಲಿ ಚಪ್ಪಟೆ ಹಲ್ಲುಗಳು ಒಂದಕ್ಕೊಂದು ಒತ್ತಿಕೊಂಡು ಹಲಗೆಯಂತೆ ಕೂತಿರುತ್ತವೆ. ಮಿಲಿಯೊಬಾಟಿಸ್ ಬಳಗದಲ್ಲಿ ನಡುವೆ ಅಗಲವಾದ ಆರುಮೂಲೆಯ ಹಲ್ಲುಗಳ ಸಾಲು, ಎರಡೂ ಪಕ್ಕಕ್ಕೆ ಚಿಕ್ಕ ಹಲ್ಲುಗಳ ಸಾಲುಗಳು. ರೈನೊಪ್ಟೆರಾದಲ್ಲಿ ನಡುವಿನಿಂದ ಅಂಚಿಗೆ ಹೋದಂತೆ ಅಗಲ ಕ್ರಮೇಣ ಇಳಿಯುತ್ತದೆ. ಏಟೊಬಾಟಸ್‌ಗೆ ಪಕ್ಕದ ಸಾಲೇ ಇಲ್ಲ. ಕೆಳದವಡೆಯ ಹಲ್ಲು ಬಾಗಿ ನಡುವೆ ಮೊನೆಯಾಗಿರುತ್ತದೆ, ಮೇಲ್ದವಡೆಯದು ಹೆಚ್ಚು ನೇರ.

ಆದರೆ ಇಡೀ ಹಲಗೆ ಸಿಗುವುದು ಅಪರೂಪ. ಬಿಡಿ ಹಲ್ಲು ಕೈಗೆ ಬಂದಾಗ ಅದನ್ನು ಮಗುಚಿ ನೋಡಬೇಕು. ಸವೆದು ನುಣುಪಾದ ಮೇಲ್ಮೈಗಿಂತ ಬೇರು ಹೆಚ್ಚು ಹೇಳುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅರೆದು ತಿನ್ನುವ ಈ ಬಳಗಗಳ ಬೇರಿನಲ್ಲಿ ಬಾಚಣಿಗೆಯ ಹಲ್ಲುಗಳಂತೆ ಸಾಲು ಏಣು, ನಡುವೆ ತೋಡು. ಏಟೊಬಾಟಸ್‌ನಲ್ಲಿ ಬೇರು ಬಾಯಿಯ ಒಳಬದಿಗೆ ಚಾಚಿಕೊಂಡಿರುತ್ತದೆ. ಮಿಲಿಯೊಬಾಟಿಸ್‌ನಲ್ಲಿ ಅಷ್ಟು ಚಾಚುವುದಿಲ್ಲ. ಮುರಿದ ತುಣುಕಿಗೆ ಬಳಗದ ಹೆಸರು ಬರೆದು ನಿಲ್ಲಿಸುವುದೇ ಸರಿ, ಪ್ರಭೇದದ ಹೆಸರನ್ನು ಬಲವಂತವಾಗಿ ಅಂಟಿಸಬಾರದು.

ಪ್ರದರ್ಶನದಲ್ಲೂ ಒಂದೇ ಬಗೆಯ ಎರಡು ಹಲ್ಲುಗಳಿದ್ದರೆ ಒಂದನ್ನು ಬೇರು ಮೇಲಾಗಿ ಇಡಿ. ಸಿಕ್ಕ ಊರು, ಶಿಲಾಸ್ತರ, ಕಾಲ, ಸಂಗ್ರಹ ಸಂಖ್ಯೆ ಚೀಟಿಯಲ್ಲಿರಲಿ. ಸಿಕ್ಕ ಜಾಗ ಗೊತ್ತಿಲ್ಲದ ಹಲ್ಲಿನಿಂದ ಅಧ್ಯಯನಕ್ಕೆ ಹೆಚ್ಚು ಪ್ರಯೋಜನವಿಲ್ಲ. ಡಾಸಿಯಾಟಿಸ್ ಬಳಗದ ಒಂದೆರಡು ಮಿಲಿಮೀಟರಿನ ಹಲ್ಲುಗಳಿಗೆ ಮೇಲೊಂದು ಭೂತಗನ್ನಡಿ ಕೂರಿಸಬೇಕು. ಇವುಗಳ ಬೇರು ಎರಡೇ ಹೋಳು, ನಡುವೆ ಒಂದು ತೋಡು. ಹೆಣ್ಣಿನ ಹಲ್ಲು ಮೊಂಡು; ಗಂಡಿಗೆ ಬೆದೆಗಾಲದಲ್ಲಿ ಹೆಣ್ಣನ್ನು ಕಚ್ಚಿ ಹಿಡಿಯಲು ಚೂಪಾದ ಹಲ್ಲು ಮೂಡುತ್ತದೆ. ಇವೆರಡನ್ನೂ ಬೇರೆ ಬೇರೆ ಮೀನಿನ ಹಲ್ಲೆಂದು ಎರಡು ಕಡೆ ಇಡದೆ, ಒಂದೇ ಭೂತಗನ್ನಡಿಯಡಿ ಜೋಡಿಯಾಗಿ ಇಡಬೇಕು.