ಹೊಳೆಯವರು ಸಮುದ್ರಕ್ಕೆ ಹೋದಾಗ

ಲಾಂಗ್ ವೀಕೆಂಡ್ ಹತ್ತಿರ ಬಂತು ಅಂದ್ರೆ ದಾವಣಗೆರೆ, ಹರಿಹರದ ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಒಂದೇ ಚರ್ಚೆ: ಗೋಕರ್ಣನಾ, ಮುರುಡೇಶ್ವರನಾ? ರಾಣೆಬೆನ್ನೂರು, ಹಾವೇರಿ, ಶಿರಸಿ ದಾಟಿ ದೇವಿಮನೆ ಘಟ್ಟ ಇಳಿದರೆ ಕುಮಟಾ. ಐದಾರು ತಾಸಿನ ದಾರಿ. ಬೆಳಿಗ್ಗೆ ಬೆಣ್ಣೆ ದೋಸೆ ತಿಂದು ಹೊರಟವರು ಸಂಜೆ ಸೂರ್ಯ ಮುಳುಗೋದರೊಳಗೆ ಮರಳಲ್ಲಿ ಕೂತಿರ್ತೀವಿ. ಎರಡು ದಿನ ಫೋಟೊ ತೆಗೆದುಕೊಂಡು ವಾಪಸ್ ಬರೋರಿಗೆ ಇಷ್ಟು ಸಾಕು.

ನಮ್ಮಪ್ಪನಿಗೆ ಎರಡು ದಿನ ಸಾಕಾಗಲಿಲ್ಲ. ಹರಿಹರದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಲೇತ್ ಮುಂದೆ ನಿಂತವರು. ಅಕ್ಕನನ್ನು ಕುಮಟಾ ಕಡೆಗೆ ಕೊಟ್ಟ ಮೇಲೆ ವರ್ಷಕ್ಕೆರಡು ಸಲ ಸಮುದ್ರ ನೋಡಿ ಬರೋರು. ಕಳೆದ ವರ್ಷ ಎದೆಯೊಳಗೆ ಒಂದು ಸ್ಟೆಂಟ್ ಬಿತ್ತು. ಮನೆಗೆ ಬಂದು ವಾರ ಕಳೆದಿಲ್ಲ, ಘೋಷಣೆ ಆಯ್ತು: "ಇನ್ನು ಒಂದಷ್ಟು ತಿಂಗಳು ನಾನು ನಿಮ್ಮವ್ವ ಸಮುದ್ರದ ದಂಡಿಗೆ ಮನಿ ಮಾಡ್ತೀವಿ." ನಾನು ಆಸ್ಪತ್ರೆ ದೂರ ಅಂದೆ. "ನಾನೇನು ಸಾಯಾಕ್ ಹೊಂಟೇನೇನೋ? ಬದುಕಾಕ್ ಹೊಂಟೇನಿ" ಅಂದ್ರು. ಅವ್ವ ಏನೂ ಮಾತಾಡಲಿಲ್ಲ. ಅದಾಗಲೇ ಬ್ಯಾಗಿಗೆ ಹಾಕೋ ಸೀರೆ ಲೆಕ್ಕ ಹಾಕ್ತಿದ್ದಳು ಅಂತ ನನ್ನ ಗುಮಾನಿ.

ಸಾಫ್ಟ್‌ವೇರ್ ಕೆಲಸದಲ್ಲಿ ನಾವು ಒಂದು ಪ್ರಶ್ನೆ ಕೇಳ್ತೀವಿ: ಸಿಸ್ಟಂ ಬಿದ್ದರೆ ಎಲ್ಲಿಂದ ಬೀಳುತ್ತೆ? ಅದೇ ಪ್ರಶ್ನೆ ಹಿಡ್ಕೊಂಡು ಎರಡು ವಾರ ಅಕ್ಕನ ಮನೆಯಿಂದಲೇ ಲ್ಯಾಪ್‌ಟಾಪ್ ಇಟ್ಟು ಕೆಲಸ ಮಾಡಿದೆ. ಸಂಜೆಗಳು ಪೂರ್ತಿ ವಿಚಾರಣೆಗೇ ಹೋದವು.

ಮೊದಲನೆಯದು ಆಸ್ಪತ್ರೆ. ಉತ್ತರ ಕನ್ನಡದವರು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ವರ್ಷಗಳಿಂದ ಕೇಳ್ತಿದ್ದಾರೆ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರ್ಕೊಂಡು ಉಡುಪಿ ಕಡೆ ಹೊರಟಿದ್ದ ಆಂಬುಲೆನ್ಸ್ ಬೈಂದೂರು ಹತ್ತಿರದ ಶಿರೂರು ಟೋಲ್‌ನಲ್ಲಿ ಮಗುಚಿದ ವಿಡಿಯೊ ನೀವೂ ನೋಡಿರ್ತೀರಿ. ಆಮೇಲೆ ಆ ಕೂಗು ಇನ್ನೂ ಜೋರಾಯ್ತು. ಕಾರವಾರದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ಆದ್ರೂ ದೊಡ್ಡ ತೊಂದರೆ ಅಂದ್ರೆ ಕುಮಟಾದವರು ಹೋಗೋದು ಮಣಿಪಾಲಕ್ಕೆ, ಸುಮಾರು 120 ಕಿಲೋಮೀಟರ್. ಇಲ್ಲಾಂದ್ರೆ ಘಟ್ಟ ಹತ್ತಿ ಹುಬ್ಬಳ್ಳಿಗೆ. ಹೃದಯದ ರಕ್ತನಾಳ ಕಟ್ಟಿಕೊಂಡವರಿಗೆ ಎರಡು ತಾಸು ಅನ್ನೋದು ಇಡೀ ಜೀವಮಾನ.

ಇಲ್ಲಿ ಒಂದು ಸಂಗತಿ ಗೊತ್ತಿರಲಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಆಯ್ದ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸ್ತಾರೆ. ಅವರು ಹೂಂ ಅಂದ್ರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಅಲ್ಲೇ, ಉಚಿತವಾಗಿ ಸಿಗುತ್ತೆ. ಆಮೇಲೆ ದೂರದ ಪ್ರಯಾಣ. ಎಲ್ಲ ಆಸ್ಪತ್ರೆಯಲ್ಲೂ ಈ ವ್ಯವಸ್ಥೆ ಇಲ್ಲ, ನೀವು ಹೋಗೋ ಊರಲ್ಲಿ ಇದೆಯಾ ಅಂತ ಬಾಯಿಬಿಟ್ಟು ಕೇಳಬೇಕು. ರೆಸಾರ್ಟ್‌ನಲ್ಲಿ ಸ್ವಿಮ್ಮಿಂಗ್ ಪೂಲ್ ಇದೆಯಾ ಅಂತ ಕೇಳ್ತೀವಲ್ಲ, ಹಾಗೆ. ಅಪ್ಪನ ಹಳೇ ಇಸಿಜಿ, ಆ್ಯಂಜಿಯೊ ವರದಿ, ಮಾತ್ರೆಗಳ ಪಟ್ಟಿ ಅವರ ಫೋನಲ್ಲೂ ಅವ್ವನ ಫೋನಲ್ಲೂ ಇಟ್ಟೆ, ಒಂದು ಕಾಗದದ ಪ್ರತಿ ಬಾಗಿಲ ಹಿಂದೆ ಅಂಟಿಸಿದೆ. ಭಾವ "ಸರ್ವರ್ ರೂಮ್ ಮಾಡಿದ್ಯಲ್ಲೋ" ಅಂದ್ರು.

ಎರಡನೆಯದು ದಾರಿ. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಜಾರಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಿತ್ತು. ರಸ್ತೆ ಬದಿಯ ಚಹಾ ಅಂಗಡಿ, ನಿಂತ ವಾಹನಗಳು ಗಂಗಾವಳಿ ನದಿಗೆ ಹೋದವು. ಮಣ್ಣು ನದಿಗೆ ಬಿದ್ದ ರಭಸಕ್ಕೆ ನೀರೆದ್ದು ಆಚೆ ದಡದ ಉಳುವರೆಯ ಮನೆಗಳನ್ನೂ ಕೆಡವಿತು. ಕೇರಳದ ಒಂದು ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ಗುಡ್ಡ ಜಾರಿ ಮೂರು ವಾರ ಕಳೆದಿತ್ತಷ್ಟೆ, ಆಗಸ್ಟ್ 7ರ ನಡುರಾತ್ರಿ, ಕಾರವಾರದ ಕಾಳಿ ನದಿಯ ಹಳೇ ಸೇತುವೆ ಕುಸಿದು ಇನ್ನೊಂದು ಲಾರಿ ನೀರಿಗೆ ಬಿತ್ತು. ಚಾಲಕ ಬದುಕಿದ. ಅವನನ್ನು ಮೇಲೆತ್ತಿದವರಲ್ಲಿ ದೋಣಿ ಇಟ್ಟುಕೊಂಡ ಅಲ್ಲಿಯ ಮೀನುಗಾರರೂ ಇದ್ದರು.

ಅಂದ್ರೆ ಮಳೆಗಾಲದಲ್ಲಿ ಕರಾವಳಿ ಒಂದು ಕಡೆ ಘಟ್ಟ, ಇನ್ನೊಂದು ಕಡೆ ಸಮುದ್ರ, ನಡುವೆ ಒಂದೇ ಹೆದ್ದಾರಿ. ನಮ್ಮ ಭಾಷೆಯಲ್ಲಿ ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್. ಅಪ್ಪನಿಗೆ ಇದನ್ನು ಹೇಳಿದಾಗ ಕೇಳಿಸಿಕೊಂಡರು. ಲೇತ್ ಹಿಡಿದ ಕೈ, ಬೆಲ್ಟ್ ಒಂದೇ ಇದ್ದರೆ ಏನಾಗುತ್ತೆ ಅಂತ ಅವರಿಗೆ ನಾನು ವಿವರಿಸಬೇಕಾಗಿಲ್ಲ.

ಹಾಗಂತ ಹರಿಹರವೇನೂ ಕಲ್ಲುಬಂಡೆ ಮೇಲಿಲ್ಲ. ತುಂಗೆ, ಭದ್ರೆ ಎರಡೂ ತುಂಬಿ ಬಂದ ವರ್ಷ ದಂಡೆಯ ತಗ್ಗು ಬಡಾವಣೆಯವರು ಪಾತ್ರೆಪಗಡ ಎತ್ಕೊಂಡು ಕಾಳಜಿ ಕೇಂದ್ರಕ್ಕೆ ಹೋಗೋದನ್ನ ನಾವೆಲ್ಲ ಸೇತುವೆ ಮೇಲೆ ನಿಂತು ನೋಡಿದವರೇ. ನೀರಿನ ಪಕ್ಕ ಬದುಕೋದು ನಮಗೆ ಹೊಸದಲ್ಲ. ಹೊಸದು ಸಮುದ್ರ.

ಅದರಲ್ಲೂ ಈಜು ಬರೋರಿಗೆ. ಇದನ್ನ ಸ್ವಲ್ಪ ವಿಸ್ತಾರವಾಗೇ ಹೇಳ್ತೀನಿ, ಯಾಕಂದ್ರೆ ಪ್ರತಿ ವರ್ಷ ಘಟ್ಟದ ಮೇಲಿನ ಊರುಗಳ ಹುಡುಗರ ಹೆಸರು ಈ ಸುದ್ದಿಯಲ್ಲಿ ಬರ್ತಾನೇ ಇದೆ. 2024ರ ಡಿಸೆಂಬರ್ 10ರಂದು ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದಲ್ಲಿ ತೀರಿಕೊಂಡರು. ಅದು ಮಳೆಗಾಲವಲ್ಲ, ಒಳ್ಳೇ ಪ್ರವಾಸದ ತಿಂಗಳು.

ಅಲೆಗಳು ದಡಕ್ಕೆ ತಂದ ನೀರು ವಾಪಸ್ ಹೋಗಬೇಕಲ್ಲ. ಅದು ಎಲ್ಲ ಕಡೆಯಿಂದ ಸಮವಾಗಿ ಹೋಗಲ್ಲ. ಮರಳ ದಿಬ್ಬಗಳ ನಡುವೆ ತಗ್ಗು ಎಲ್ಲಿದೆಯೋ ಅಲ್ಲಿ ಕಾಲುವೆ ಥರ ನುಗ್ಗಿ ಹೋಗುತ್ತೆ. ಇಂಗ್ಲಿಷಿನಲ್ಲಿ ರಿಪ್ ಕರೆಂಟ್. ಜೋರಿದ್ದಾಗ ಸೆಕೆಂಡಿಗೆ ಎರಡು ಮೀಟರ್ ದಾಟುತ್ತೆ, ಒಲಿಂಪಿಕ್ ಈಜುಗಾರನೂ ಅದರೆದುರು ಸೋಲ್ತಾನೆ. ಮೋಸ ಎಲ್ಲಿದೆ ಅಂದ್ರೆ, ಆ ಜಾಗದಲ್ಲಿ ನೊರೆ ಕಮ್ಮಿ, ಅಲೆ ಒಡೆಯೋದು ಕಮ್ಮಿ. ಹೊಸಬರ ಕಣ್ಣಿಗೆ ಅಲ್ಲೇ ಎಲ್ಲಕ್ಕಿಂತ ಶಾಂತ. ಮಕ್ಕಳನ್ನು ಕರ್ಕೊಂಡು ಅಲ್ಲಿಗೇ ಇಳೀತೀವಿ. ಅಕ್ಕನ ಅತ್ತೆ ಇದನ್ನ ಒಂದೇ ಮಾತಲ್ಲಿ ಹೇಳಿದ್ರು: "ನೀರು ಸುಮ್ನಿದ್ದಲ್ಲಿ ಇಳೂಕೆ ಹೋಗಬೇಡಿ ಮಾರಾಯ್ರೆ."

ಸಿಕ್ಕಿಹಾಕಿಕೊಂಡವರು ಮಾಡೋದು ಸಹಜವಾದದ್ದೇ, ಎದುರಿಗೆ ಕಾಣೋ ದಡದ ಕಡೆ ಪ್ರಾಣ ಬಿಟ್ಟು ಈಜೋದು. ಸುಸ್ತಾಗಿ ಮುಳುಗೋದು. ಆ ಸೆಳೆತ ಆಳಕ್ಕೆ ಎಳೆಯಲ್ಲ, ಆಚೆಗೆ ಒಯ್ಯುತ್ತೆ ಅಷ್ಟೆ. ಅದರ ಅಗಲವೂ ಕಮ್ಮಿ. ಹಾಗಾಗಿ ಮೊದಲು ತೇಲಬೇಕು, ಕೈ ಎತ್ತಿ ಕರೀಬೇಕು, ಶಕ್ತಿ ಇದ್ದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಹೊರಬರಬೇಕು. ಆಮೇಲೆ ಅಲೆಯೇ ದಡಕ್ಕೆ ತರುತ್ತೆ. ಇದನ್ನ ಅಪ್ಪನಿಗೆ ಕಾಗದದ ಮೇಲೆ ಬಾಣ ಹಾಕಿ ತೋರಿಸ್ತಿದ್ದೆ. ಅವರು ನಕ್ಕರು. "ಹೊಳ್ಯಾಗ ನಿನಗ ಏನ್ ಕಲಿಸಿದ್ದೆ? ಸೆಳವಿಗೆ ಎದುರು ಈಜಬ್ಯಾಡ, ಅಡ್ಡ ಈಜು ಅಂತ." ಹೌದು. ಹರಿಹರದ ಹೊಳೆಯಲ್ಲಿ ಈಜು ಕಲಿತ ಪ್ರತಿಯೊಬ್ಬನಿಗೂ ಅವನ ಅಪ್ಪನೋ ಕಾಕನೋ ಹೇಳಿದ ಮಾತದು. ಹೊಳೆಯಲ್ಲಿ ಸೆಳವು ದಡದ ಉದ್ದಕ್ಕೆ ಹೋಗುತ್ತೆ, ಹಾಗಾಗಿ ಅಡ್ಡ ಈಜಿದರೆ ದಡ ಸಿಗುತ್ತೆ. ಸಮುದ್ರದಲ್ಲಿ ಸೆಳವು ದಡದಿಂದಾಚೆ ಹೋಗುತ್ತೆ, ಅಲ್ಲಿ ಅಡ್ಡ ಅಂದ್ರೆ ದಡದ ಉದ್ದಕ್ಕೆ. ವಿದ್ಯೆ ಒಂದೇ, ದಿಕ್ಕು ಬೇರೆ. ಸೇರಿಸಬೇಕಾದ್ದು ಒಂದಿದೆ: ಮುಳುಗ್ತಿರೋ ಗೆಳೆಯನ ಹಿಂದೆ ಬರಿಗೈಲಿ ಹಾರಬೇಡಿ. ಹಗ್ಗ, ಖಾಲಿ ಕ್ಯಾನ್, ಏನಾದ್ರೂ ತೇಲೋದನ್ನ ಎಸೀರಿ, ಲೈಫ್‌ಗಾರ್ಡ್‌ನ ಕೂಗಿ. ಕೆಂಪು-ಹಳದಿ ಬಾವುಟಗಳ ನಡುವೆ ಮಾತ್ರ ಇಳೀರಿ, ಬರೀ ಕೆಂಪು ಹಾರಾಡ್ತಿದ್ದರೆ ಚಹಾ ಕುಡೀರಿ. ಕರಾವಳಿ ಕಾವಲು ಪೊಲೀಸ್ 1093, ಕೋಸ್ಟ್ ಗಾರ್ಡ್ 1554, ಯಾವುದೂ ನೆನಪಾಗಲಿಲ್ಲ ಅಂದ್ರೆ 112.

ಅತ್ತೆಯ ತಯಾರಿ ನೋಡಿದ ಮೇಲೆ ನನ್ನ ಎಕ್ಸೆಲ್ ಶೀಟ್ ಮುಚ್ಚಿಟ್ಟೆ. ಮೃಗಶಿರಾ ಮಳೆ ಹಿಡಿಯೋದರೊಳಗೆ ಸೌದೆ ಒಳಗೆ ಬಂದಿರುತ್ತೆ, ಮಾಡಿನ ಹೆಂಚು ತಿರುವಿ ಹಾಕಿರುತ್ತೆ, ಹಪ್ಪಳ, ಮಾವಿನಮಿಡಿ, ಮುರುಗಲು ಸಿಪ್ಪೆ, ಕುಚಲಕ್ಕಿ ಡಬ್ಬಿ ಸೇರಿರುತ್ತೆ. ಮನೆ ಮೇಲೆ ವಾಲಿದ ತೆಂಗಿನ ಗರಿ ಇಳಿಸಿರುತ್ತಾರೆ. ಟಾರ್ಚ್ ಎಲ್ಲಿದೆ ಅಂತ ಕತ್ತಲಲ್ಲೂ ಗೊತ್ತು. ನಮ್ಮ ಕಡೆ ಬೆಸ್ಕಾಂ ಕರೆಂಟ್ ಒಂದು ತಾಸು ಹೋದರೆ ಟ್ವಿಟರ್‌ನಲ್ಲಿ ಬೈತೀವಿ. ಇಲ್ಲಿ ಹೆಸ್ಕಾಂನವರು ಮರ ಬಿದ್ದ ತಂತಿ ಸರಿಮಾಡೋವರೆಗೆ ಅತ್ತೆ ಹಪ್ಪಳ ಸುಡ್ತಾ ಕೂತಿರ್ತಾರೆ. ನಾನು ಸೇರಿಸಿದ್ದು ಸ್ವಲ್ಪ: ಟವರ್ ಹೋದರೆ ಯುಪಿಐ ನಡೆಯಲ್ಲ, ಅದಕ್ಕೆ ಒಂದಷ್ಟು ನೋಟು, ಬೇರೆ ಕಂಪನಿಯ ಎರಡನೇ ಸಿಮ್, ಆಫ್‌ಲೈನ್ ಮ್ಯಾಪ್, ಹವಾಮಾನ ಇಲಾಖೆಯ ಎಚ್ಚರಿಕೆ ಬರೋ 'ಸಚೇತ್' ಆ್ಯಪ್. ಬಣ್ಣದ ಲೆಕ್ಕವೂ ಹೇಳಿಕೊಟ್ಟೆ: ಹಳದಿ ಅಂದ್ರೆ ಗಮನ ಇರಲಿ, ಕಿತ್ತಳೆ ಅಂದ್ರೆ ತಯಾರಾಗಿ, ಕೆಂಪು ಅಂದ್ರೆ ಮಾತಿಲ್ಲ, ಮನೆಯಲ್ಲಿರಿ. ಚಂಡಮಾರುತ ನಮ್ಮ ದಡಕ್ಕೇ ಬಡಿಯಬೇಕು ಅಂತೇನಿಲ್ಲ. 2021ರ ಮೇನಲ್ಲಿ ತೌಕ್ತೆ ನೆಲ ಮುಟ್ಟಿದ್ದು ಗುಜರಾತಿನಲ್ಲಿ, ಆದರೆ ದಾರಿಯಲ್ಲಿ ಹೋಗ್ತಾ ನಮ್ಮ ಕರಾವಳಿಯ ರಸ್ತೆ, ಮನೆ, ದೋಣಿಗಳನ್ನೂ ಬಿಡಲಿಲ್ಲ.

ಕೊನೆಗೆ ಒಪ್ಪಂದ ಹೀಗಾಯ್ತು. ಮಳೆ ನಿಂತ ಮೇಲೆ, ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಕುಮಟಾದಲ್ಲಿ ಬಾಡಿಗೆ ಮನೆ. ದಡಕ್ಕೆ ತಾಗಿದ್ದಲ್ಲ, ಅಕ್ಕನ ಮನೆಯಿಂದ ಕೂಗಳತೆ ದೂರದ್ದು, ಆಸ್ಪತ್ರೆಗೆ ಆಟೊದಲ್ಲಿ ಹೋಗುವಷ್ಟು ಹತ್ತಿರದ್ದು. ಸಮುದ್ರ ಕಾಣಲ್ಲ ಅಂತ ಅಪ್ಪ ಮುಖ ಊದಿಸಿದ್ರು. ರಾತ್ರಿ ಕೇಳಿಸುತ್ತೆ ಅಂತ ಗೊತ್ತಾದ ಮೇಲೆ ಸುಮ್ಮನಾದ್ರು. ಏಪ್ರಿಲ್‌ನಲ್ಲಿ ಸೆಕೆ ಶುರುವಾಗೋ ಹೊತ್ತಿಗೆ ವಾಪಸ್ ಹರಿಹರ, ಬರುವಾಗ ಹೆದ್ದಾರಿ ಬದಿಯ ಕುಮಟಾ ಸಿಹಿ ಈರುಳ್ಳಿಯ ಜಡೆ ಎರಡು.

ಈಗ ಅವರ ದಿನಚರಿ ಕೇಳಿದರೆ ನನಗೇ ಹೊಟ್ಟೆಕಿಚ್ಚು. ಬೆಳಿಗ್ಗೆ ಇಳಿತದ ಹೊತ್ತು ನೋಡಿ ಗಟ್ಟಿ ಮರಳ ಮೇಲೆ ವಾಕಿಂಗ್. ಉಬ್ಬರ-ಇಳಿತ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತೆ ಅಂತ ತಿಳಿದ ಮೇಲೆ ಅಪ್ಪ ಕ್ಯಾಲೆಂಡರ್ ಮೇಲೆ ಪೆನ್ಸಿಲಿನಲ್ಲಿ ಬರೆಯೋಕೆ ಶುರುಮಾಡಿದ್ದಾರೆ, ಅಮಾವಾಸ್ಯೆ ಹುಣ್ಣಿಮೆಗೆ ಸುತ್ತು ಹಾಕಿ. ಒಂದು ದಿನ ಮಿರ್ಜಾನ್ ಕೋಟೆ, ಒಂದು ದಿನ ಹೊನ್ನಾವರದ ಶರಾವತಿಯಲ್ಲಿ ದೋಣಿ, ಇನ್ನೊಂದು ದಿನ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ಕಾಸರಕೋಡು ಬೀಚ್. ಅವ್ವನಿಗೆ ಯಕ್ಷಗಾನದ ಹುಚ್ಚು ಹಿಡಿದಿದೆ. ಮಧ್ಯರಾತ್ರಿವರೆಗೆ ಕೂತು ಬಂದು, ಮಾರನೇ ದಿನ ನನಗೆ ಫೋನಿನಲ್ಲಿ ಕಥೆ ಹೇಳ್ತಾಳೆ. ನನ್ನ ಸ್ಟ್ಯಾಂಡಪ್ ಮೀಟಿಂಗ್ ಟೈಮಿಗೇ.

ಮೊನ್ನೆ ಅಪ್ಪ ಫೋನ್ ಮಾಡಿದ್ರು. ದಾವಣಗೆರೆಯಿಂದ ಬಂದ ಕಾಲೇಜು ಹುಡುಗರು ನಾಲ್ಕು ಜನ, ನೊರೆ ಇಲ್ಲದ ಜಾಗ ನೋಡಿ ಇಳೀತಿದ್ರಂತೆ. ಮಾತು ಕೇಳಿ ನಮ್ಮೂರೋರು ಅಂತ ಗೊತ್ತಾಯ್ತಂತೆ. "ಕರದು ನಿಂದ್ರಿಸಿ ಹೇಳಿದೆ. ಒಬ್ಬಾವ, 'ಅಜ್ಜಾ, ನಮಗ ಈಜು ಬರ್ತತಿ' ಅಂದ. 'ನನಗೂ ಬರ್ತತಿ, ಅದಕ್ಕ ದಡದಾಗ ನಿಂತೇನಿ' ಅಂದೆ. ಒಟ್ಟು ಬಾವುಟ ಇದ್ದ ಕಡೀಗೆ ಹೋದ್ರು" ಅಂದ್ರು. ಮಾತ್ರೆ ತಗೊಂಡ್ರಾ ಅಂತ ಕೇಳೋದರೊಳಗೆ ಫೋನ್ ಇಟ್ಟಾಗಿತ್ತು.