ಆಪರೇಷನ್ನಿಗೆ ದಿನ ಗೊತ್ತಾಯಿತೇ? ಅಂದಿನಿಂದಲೇ ನಡಿಗೆ ಆರಂಭವಾಗಲಿ

ಘಣಸೋಲಿ: ಹೋಟೆಲಿನ ಗಲ್ಲಾದಲ್ಲಿ ದಿನವಿಡೀ ಕುಳಿತವರು, ಥಾಣೆ–ವಾಶಿ ಲೋಕಲಿನಲ್ಲಿ ನಿಂತು ಕಚೇರಿಗೆ ಹೋಗಿಬರುವವರು ಇಲ್ಲಿನ ತುಳು-ಕನ್ನಡಿಗರಲ್ಲಿ ಅನೇಕರು. ದಣಿವು ಇದೆ, ವ್ಯಾಯಾಮ ಇಲ್ಲ. ಇಂಥವರಿಗೆ ಹರ್ನಿಯಾ, ಪಿತ್ತಕೋಶ ಅಥವಾ ಮೊಣಕಾಲಿನ ಆಪರೇಷನ್ ನಿಗದಿಯಾದೊಡನೆ ಮನೆಮಂದಿ ಹೇಳುವುದು ‘ಇನ್ನು ವಿಶ್ರಾಂತಿ ಮಾಡಿ’ ಎಂದು. ಪ್ರೀತಿಯ ಮಾತೇ ಹೌದು, ಆದರೆ ಕಾಯುವ ಆ ದಿನಗಳನ್ನು ಹಾಸಿಗೆಯಲ್ಲಿ ಕಳೆಯುವುದು ನಷ್ಟ.

ಮಲಗಿದಷ್ಟೂ ಸ್ನಾಯು ಸೊರಗುತ್ತದೆ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ, ಶ್ವಾಸಕೋಶದಲ್ಲಿ ಕಫ ಕಟ್ಟಿ ನ್ಯುಮೋನಿಯಾ ಆಗುವ ಭಯವೂ ಹೆಚ್ಚು. 2018ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾ–ನ್ಯೂಜಿಲೆಂಡ್ ಅಧ್ಯಯನವೊಂದರಲ್ಲಿ, ಹೊಟ್ಟೆಯ ಮೇಲ್ಭಾಗದ ದೊಡ್ಡ ಆಪರೇಷನ್ನಿಗೆ ಮುನ್ನ ಕೆಲವರಿಗೆ ಫಿಸಿಯೋಥೆರಪಿಸ್ಟರು ಒಂದೇ ಒಂದು ಸಲ, ಅರ್ಧ ತಾಸು, ಉಸಿರಾಟದ ವ್ಯಾಯಾಮ ಕಲಿಸಿದರು. ಅವರಲ್ಲಿ ಶೇ. 12 ಮಂದಿಗೆ ಶ್ವಾಸಕೋಶದ ತೊಂದರೆ ಬಂತು. ಬರೇ ಪುಸ್ತಿಕೆ ಪಡೆದವರಲ್ಲಿ ಶೇ. 27 ಮಂದಿಗೆ. ಅದೇ ವರ್ಷ ಸ್ಪೇನಿನ ಬಾರ್ಸಿಲೋನಾದಲ್ಲಿ ವಯಸ್ಸಾದವರು, ಬೇರೆ ಕಾಯಿಲೆ ಇದ್ದವರಿಗೆ ಆಪರೇಷನ್ನಿಗೆ ಮೊದಲೇ ನಡಿಗೆ, ಸೈಕಲ್ ತುಳಿತ ಮಾಡಿಸಿದಾಗ ತೊಡಕು ಕಂಡವರು ಶೇ. 62ರಿಂದ 31ಕ್ಕೆ ಇಳಿದರು.

ಹೃದ್ರೋಗಿಗಳು ವೈದ್ಯರನ್ನು ಕೇಳದೆ ಯಾವುದನ್ನೂ ಶುರುಮಾಡಬಾರದು. ಬೈಪಾಸ್ ಆದವರು ಎದೆಮೂಳೆ ಕೂಡುವ ತನಕ ಭಾರ ಎತ್ತುವಂತಿಲ್ಲ. ನಡೆಯುವುದಕ್ಕೆ ಮಾತ್ರ ಅಡ್ಡಿಯಿಲ್ಲ. ಉಳಿದವರು ದಿನ ಗೊತ್ತುಮಾಡುವಾಗಲೇ ‘ಎಷ್ಟು ನಡೆಯಬಹುದು, ಉಸಿರಾಟದ ವ್ಯಾಯಾಮ ಯಾರು ಕಲಿಸುತ್ತಾರೆ’ ಎಂದು ಡಾಕ್ಟರರಲ್ಲಿ ಕೇಳುವುದು ಒಳಿತು. ಮರುದಿನವೇ ನರ್ಸ್ ರೋಗಿಯನ್ನು ಎಬ್ಬಿಸಿ ನಡೆಸಿದರೆ ಜಗಳಕ್ಕೆ ನಿಲ್ಲುವ ಬಂಧುಗಳಿದ್ದಾರೆ. ಗಂಜಿ ತಂದವರು ಸ್ವಲ್ಪ ತಾಳ್ಮೆಯಿಂದ ಕೈಹಿಡಿದು ವಾರ್ಡಿನ ಬಾಗಿಲ ತನಕ ನಡೆಸಲಿ.